ಬಾಯ್, ಒಮ್ಮೆ ನೀನು ಓದು

ಕಲ್ಯಾಣಪುರ
೧೮ ನವೆಂಬರ್ ೨೦೨೫, ಮಂಗಳವಾರ

ಪ್ರೀತಿಯ ತಮ್ಮ ಲೆಸ್ಟರ್,

ಹೇಗಿದ್ದಿ ಮಾರಾಯ? ಸೊಂಟನೋವು ಇಳಿಯಿತಾ? ದಿನವಿಡೀ ಕಾರಿನ ಅಡಿಯಲ್ಲಿ ಮಲಗಿ ಕೆಲಸ ಮಾಡುವವನಿಗೆ ಸೊಂಟ ನೋಯದೆ ಇನ್ನೆಂತ ನೋಯಬೇಕು? ಮಸ್ಕತ್ತಿನಲ್ಲಿ ಸೆಕೆ ಈಗ ಸ್ವಲ್ಪ ಕಡಿಮೆಯಾಗಿರಬೇಕು. ಒಬ್ಬನೇ ಇರುವುದೆಂದು ಎರಡು ಹೊತ್ತೂ ಮೊಟ್ಟೆ ಬೇಯಿಸಿ ತಿನ್ನಬೇಡ, ಮೀನು ತಂದು ಸರಿಯಾಗಿ ಸಾರು ಮಾಡು. ನಾವು ಇಲ್ಲಿ ದೇವರ ದಯೆಯಿಂದ ಸೌಖ್ಯ. ನಿನ್ನ ಭಾವ ಮೌರಿಸ್‌ಗೆ ಕಿವಿ ಇನ್ನೂ ಮಂದವಾಗಿದೆ, ಆದರೆ ಊಟಕ್ಕೆ ಕರೆದರೆ ಮಾತ್ರ ಮೊದಲ ಸಲಕ್ಕೇ ಕೇಳುತ್ತದೆ. ನನ್ನ ಮೊಣಕಾಲು ಇಗರ್ಜಿಯ ಮೆಟ್ಟಿಲು ಹತ್ತುವಾಗ ದೂರು ಹೇಳುತ್ತದೆ. ಮನೆಯಲ್ಲಿ ನಾವು ಆಡುವುದು ಕೊಂಕಣಿಯಾದರೂ ಪೆನ್ನು ಹಿಡಿದರೆ ನನಗೆ ಕನ್ನಡವೇ ಬರುವುದು. ಮೂವತ್ತಾರು ವರ್ಷ ಕನ್ನಡ ಟೀಚರಾಗಿದ್ದ ಚಟ ನಿವೃತ್ತಿಯಾದರೂ ಬಿಡಲಿಲ್ಲ ನೋಡು. ಅಮ್ಮ ತೀರಿಹೋದ ಮೇಲೆ ನಿನಗೆ ಬರೆಯುತ್ತಿರುವ ಹನ್ನೆರಡನೆಯ ಪತ್ರ ಇದು. ಹನ್ನೊಂದಕ್ಕೂ ನಿನ್ನಿಂದ ಉತ್ತರವಿಲ್ಲ. ಕ್ರಿಸ್ಮಸ್ಸಿಗೆ ಮೂರು ನಿಮಿಷದ ಫೋನು, ಅದೂ ಭಾವನ ಹತ್ತಿರ. ನನಗೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ನಿನಗಾಗಿ ಕಟ್ಟಿಟ್ಟ ಹಬ್ಬದ ತಿಂಡಿ ಕುಸ್ವಾರಿನ ಡಬ್ಬಿಯನ್ನು ಒಂದು ವರ್ಷ ನಾನೇ ಕುಳಿತು ಖಾಲಿ ಮಾಡಿದೆ. ಈಗ ಸಿಟ್ಟಿಲ್ಲ. ಯಾಕೆ ಎಂದು ಹೇಳಲಿಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ನಮ್ಮ ವನೆಸ್ಸಾಳ ಮಗಳು ಕ್ಯಾರೆನ್‌ಳನ್ನು ನೀನು ಫೋಟೋದಲ್ಲಿ ಮಾತ್ರ ನೋಡಿದ್ದು. ಈಗ ನಾಲ್ಕನೆಯ ಕ್ಲಾಸು. ವನೆಸ್ಸಾಳಿಗೆ ಮಣಿಪಾಲದಲ್ಲಿ ಲ್ಯಾಬಿನ ಕೆಲಸ, ಹಾಗಾಗಿ ಶಾಲೆ ಬಿಟ್ಟ ಮೇಲೆ ಮೊಮ್ಮಗಳು ನನ್ನ ಹತ್ತಿರ. ಬಾಯಿ ಎಂದರೆ ಬಾಯಿ, ಮೌರಿಸ್‌ಗೂ ಕೇಳುವಷ್ಟು! ಸಂಜೆ ಜಪಸರದ ತೇರ್ಸಿಗೆ ಕುಳಿತರೆ ಪ್ರಾರ್ಥನೆಯ ಪುಸ್ತಕ ಹಿಡಿದು ಆ ಉದ್ದದ ಲದಾಯ್ನ್ ಸ್ತುತಿಮಾಲೆ ಪೂರ್ತಿ ಅವಳೇ ಓದಬೇಕು, ಒಂದು ತಪ್ಪಿಲ್ಲ. ಪಕ್ಕದ ಮನೆಯ ಸೆಲೀನ್ ಬಾಯಿಯ ಎದುರು ನಾನು ಹೆಮ್ಮೆಯಿಂದ ಹೇಳಿದ್ದೇ ಹೇಳಿದ್ದು, ನನ್ನ ಮೊಮ್ಮಗಳ ಓದು ನೋಡಿ ಎಂದು. ಶಾಲೆಯಿಂದ ಮಾತ್ರ ಬೇರೆಯೇ ದೂರು. ಓದುವುದಿಲ್ಲ, ಗಮನವಿಲ್ಲ, ಉಡಾಫೆ. ನಾನು ನಂಬಲಿಲ್ಲ. ಒಂದು ದಿನ ತೇರ್ಸಿನ ನಡುವೆ ಕನ್ನಡಕ ಹುಡುಕಲು ಎದ್ದವಳು ಅವಳ ಹಿಂದಿನಿಂದ ಹಾದುಹೋದೆ. ಲದಾಯ್ನ್ ಸರಾಗವಾಗಿ ಹೋಗುತ್ತಾ ಉಂಟು, ಬೆರಳು ಸಾಲಿನಿಂದ ಸಾಲಿಗೆ ಜಾರುತ್ತಾ ಉಂಟು, ಆದರೆ ತೆರೆದಿರುವ ಪುಟ ಸತ್ತವರಿಗಾಗಿ ಹೇಳುವ ಪ್ರಾರ್ಥನೆಯದ್ದು! ಮಗುವಿಗೆ ಎಲ್ಲವೂ ಬಾಯಿಪಾಠ. ಲೆಸ್ಟರ್, ಇದೇ ಕೋಣೆಯಲ್ಲಿ, ಇದೇ ಚಾಪೆಯಲ್ಲಿ, ಇದೇ ಪುಸ್ತಕ ಹಿಡಿದು ಹೀಗೆ ಓದುತ್ತಿದ್ದ ಇನ್ನೊಬ್ಬನನ್ನು ನಾನು ಕಂಡಿದ್ದೆ.

ಆದರೂ ನಾನು ಎಂತ ಮಾಡಿದೆ ಗೊತ್ತುಂಟಾ? ಟೀಚರಮ್ಮ ಅಲ್ವಾ, ತಪ್ಪಿದ ಪದವನ್ನು ಹತ್ತು ಹತ್ತು ಸಲ ಬರೆಸಿದೆ. ಎರಡು ತಿಂಗಳಾದ ಮೇಲೆ ಕಾಪಿಪುಸ್ತಕ ಅಕ್ಕಿಯ ಡ್ರಮ್ಮಿನ ತಳದಲ್ಲಿ ಸಿಕ್ಕಿತು. ಬೈಯಲು ಬಾಯಿ ತೆರೆದೆ. ಅವಳು ಅಳಲಿಲ್ಲ. ಅಜ್ಜಿ, ನಾನು ಪೆದ್ದಿ ಅಂತ ನೀವು ಮಮ್ಮಿಗೆ ಹೇಳಬೇಡಿ, ಅವಳಿಗೆ ಬೇಜಾರಾಗ್ತದೆ ಎಂದಳು. ಮರುದಿನವೇ ವನೆಸ್ಸಾಳಿಗೆ ಹೇಳಿ ಮಣಿಪಾಲದಲ್ಲಿ ದಿನ ಗೊತ್ತು ಮಾಡಿಸಿದೆ.

ಎರಡು ದಿನ ಬೆಳಗ್ಗೆ ಹೋಗಬೇಕಾಯಿತು. ಮೊದಲು ಕಣ್ಣು, ಕಿವಿ ಸರಿ ಉಂಟಾ ಎಂದು ನೋಡಿದರು. ಮತ್ತೆ ಯಶ್ಮಿತಾ ಎಂಬ ಮನಃಶಾಸ್ತ್ರಜ್ಞೆಯ ಕೋಣೆ. ಚಿಕ್ಕ ಪ್ರಾಯದ ಹುಡುಗಿ, ಉಚ್ಚಿಲದವಳು, ಸಮಾಧಾನದ ಮಾತು. ಬಣ್ಣದ ತುಂಡುಗಳನ್ನು ಜೋಡಿಸಲು ಕೊಟ್ಟಳು, ಕಥೆ ಹೇಳಿ ತಿರುಗಿ ಹೇಳಿಸಿದಳು, ಅಂಕಿಗಳನ್ನು ಹಿಂದುಮುಂದಾಗಿ ಕೇಳಿದಳು. ಕ್ಯಾರೆನ್ ರಾಣಿಯ ಹಾಗೆ ಕುಳಿತು ಉತ್ತರ ಕೊಟ್ಟಳು. ಆಮೇಲೆ ಓದಿಸಿದಳು. ಪರಿಚಯದ ಪದಗಳನ್ನು ಕ್ಯಾರೆನ್ ಹೇಗೋ ಊಹಿಸಿ ದಾಟಿದಳು. ಕೊನೆಗೆ ಯಶ್ಮಿತಾ ಯಾವ ಅರ್ಥವೂ ಇಲ್ಲದ, ಸುಮ್ಮನೆ ಅಕ್ಷರ ಕೂಡಿಸಿದ ಪದಗಳ ಒಂದು ಹಾಳೆ ಇಟ್ಟಳು. ಬಾಯಿಪಾಠಕ್ಕೂ ಸಿಕ್ಕದು, ಊಹೆಗೂ ಸಿಕ್ಕದು. ನಮ್ಮ ಬಾಯಿಬಡುಕಿ ಅದರ ಎದುರು ಮೂಕಿಯಾದಳು. ಗಾಜಿನ ಬಾಗಿಲಿನ ಹೊರಗಿನಿಂದ ಅವಳ ಕುತ್ತಿಗೆ ಬಗ್ಗುವುದು ಮಾತ್ರ ನನಗೆ ಕಾಣುತ್ತಿತ್ತು.

ಮತ್ತೆ ನಮ್ಮನ್ನು ಕರೆದು ಮನೆಯ ವಿಷಯ ಕೇಳಿದಳು. ಕುಟುಂಬದಲ್ಲಿ ಬೇರೆ ಯಾರಿಗಾದರೂ ಓದಲು ಬರೆಯಲು ಕಷ್ಟವಿತ್ತಾ ಎಂದು. ವನೆಸ್ಸಾ ನನ್ನ ಮುಖ ನೋಡಿದಳು. ನಾನು ಕೂಡಲೇ, ಛೇ ಛೇ, ಯಾರಿಗೂ ಇಲ್ಲ, ನಾನೇ ಟೀಚರು ಎಂದೆ. ಯಶ್ಮಿತಾ ಹಾಗೆಯೇ ಬರೆದುಕೊಂಡಳು. ಕೆಳಗೆ ಬಂದು ಉಡುಪಿಯ ಬಸ್ಸಿಗೆ ಕಾಯುತ್ತಾ ನಿಂತಾಗ ಕ್ಯಾರೆನ್ ಕೇಳಿದಳು, ಅಜ್ಜಿ, ಹಾಗಾದರೆ ನಮ್ಮ ಮನೆಯಲ್ಲಿ ನಾನೊಬ್ಬಳೇ ಹೀಗಾ? ಬಸ್ಸು ಬಂತು. ನಾನು ಹತ್ತಲಿಲ್ಲ. ಅವರಿಬ್ಬರನ್ನು ಅಲ್ಲೇ ನಿಲ್ಲಿಸಿ, ಆ ಮೊಣಕಾಲಿನಲ್ಲೇ ಪುನಃ ಮೆಟ್ಟಿಲು ಹತ್ತಿ ಹೋಗಿ, ಯಶ್ಮಿತಾಳ ಹತ್ತಿರ, ಅಮ್ಮಾ, ನಾನು ಸುಳ್ಳು ಹೇಳಿದೆ, ನನ್ನ ತಮ್ಮ ಒಬ್ಬ ಇದ್ದಾನೆ ಎಂದೆ.

ಎಲ್ಲ ಹೇಳಿದೆ. ನೀನು ಸಣ್ಣವನಿದ್ದಾಗ ಪುಸ್ತಕ ತಂದು ನನ್ನ ಮಡಿಲಲ್ಲಿಟ್ಟು, ಅಕ್ಕನಿಗೆ ನಮ್ಮ ಕೊಂಕಣಿಯಲ್ಲಿ ಹೇಳುವ ಹಾಗೆ, "ಬಾಯ್, ಒಮ್ಮೆ ನೀನು ಓದು, ಮತ್ತೆ ನಾನು ಓದ್ತೇನೆ" ಎನ್ನುತ್ತಿದ್ದದ್ದು. ನಾನು ಓದುತ್ತಿದ್ದೆ, ನೀನು ಒಮ್ಮೆ ಕೇಳಿಯೇ ಇಡೀ ಪಾಠ ಒಪ್ಪಿಸುತ್ತಿದ್ದೆ. ನಾನು ಟೀಚರಾಗಿ ನೀನು ನನ್ನದೇ ಕ್ಲಾಸಿಗೆ ಬಂದ ವರ್ಷ ಅದು ನಿಂತಿತು. ನೀನೇ ಓದು ಎಂದೆ. ತಮ್ಮನೆಂದು ಸಡಿಲ ಬಿಟ್ಟಳು ಎಂದು ಯಾರೂ ಹೇಳಬಾರದಲ್ಲ, ಬೇರೆ ಮಕ್ಕಳಿಗೆ ಒಂದು ಪೆಟ್ಟಾದರೆ ನಿನ್ನ ಬೆರಳ ಗಂಟಿಗೆ ಎರಡು. ಸೋಮವಾರ ಉಕ್ತಲೇಖನ ಕೊಡುತ್ತಿದ್ದೆ. ಸೋಮವಾರ ನಿನಗೆ ಹೊಟ್ಟೆನೋವು. ಅಮ್ಮ ಓಮದ ನೀರು ಕುಡಿಸುತ್ತಿದ್ದಳು, ನಾನು ಕಳ್ಳನೋವು ಎಂದು ಎಳೆದುಕೊಂಡು ಹೋಗುತ್ತಿದ್ದೆ. ಹನ್ನೊಂದನೆಯ ವಯಸ್ಸಿಗೆ ಬಾವಿಯ ಪಂಪ್ ಬಿಚ್ಚಿ ಸರಿಮಾಡಿದವ ನೀನು! ಹತ್ತನೆಯದರಲ್ಲಿ ಎರಡು ಸಲ ಫೇಲಾದೆ, ಕಾರ್ಕಳದ ಗ್ಯಾರೇಜಿಗೆ ಸೇರಿದೆ, ಅಲ್ಲಿಂದ ಮಸ್ಕತ್ತಿಗೆ. ಶಬ್ದ ಕೇಳಿಯೇ ಎಂಜಿನ್ನಿನ ತೊಂದರೆ ಹೇಳುತ್ತಾನೆ ಎಂದಾಗ ಯಶ್ಮಿತಾ ಪೆನ್ನು ಕೆಳಗಿಟ್ಟು, ನಿಮ್ಮ ತಮ್ಮನಿಗೆ ಈ ಮಾತು ಯಾರಾದರೂ ಹೇಳಿದ್ದಾರಾ ಎಂದು ಕೇಳಿದಳು.

ಅಮ್ಮನ ಮರಣದ ಪೂಜೆಯ ದಿನದ ಮಾತು ಅವಳಿಗೆ ಹೇಳಲು ನನ್ನಿಂದ ಆಗಲಿಲ್ಲ. ನಿನಗೆ ಹೇಳುತ್ತೇನೆ. ಬೈಬಲಿನ ಮೊದಲ ವಾಚನಕ್ಕೆ ನಿನ್ನ ಹೆಸರು ಬರೆದುಕೊಟ್ಟದ್ದು ಫಾದರ್ ಅಲ್ಲ, ನಾನು. ನಿನ್ನನ್ನು ಕೇಳದೆ ಬರೆದೆ. ನಾಲ್ಕು ಜನರ ಎದುರು ನಾಚಿಕೆಗಾದರೂ ಓದುತ್ತಾನೆ ಎಂದು. ಜೀವಮಾನವಿಡೀ ಮಕ್ಕಳಿಗೆ ನಾನು ಕೊಟ್ಟ ಮದ್ದು ಅದೊಂದೇ, ನಾಚಿಕೆ. ನೀನು ಎದ್ದು ಹೋದೆ, ಪುಸ್ತಕದ ಮೇಲೆ ಕೈಯಿಟ್ಟೆ, ಸುಮ್ಮನೆ ನಿಂತೆ. ಇಡೀ ಇಗರ್ಜಿ ಕಾಯುತ್ತಿತ್ತು. ಆಮೇಲೆ ಪಕ್ಕದ ಬಾಗಿಲಿನಿಂದ ಹೊರಗೆ ಹೋದೆ. ಅಂಗಳದಲ್ಲಿ ಎಲ್ಲರಿಗೂ ಕೇಳುವ ಹಾಗೆ ನಾನು, ಹೆತ್ತವಳಿಗೆ ನಾಲ್ಕು ಸಾಲು ಓದಲಿಕ್ಕಾಗದಷ್ಟು ಕುಡಿದು ಬಂದಿಯಾ ಎಂದು ಕೇಳಿದೆ. ನೀನು ಹೌದು ಎಂದೆ. ನೀನು ಕುಡಿದಿರಲಿಲ್ಲ ಲೆಸ್ಟರ್. ಕಳೆದ ವಾರ ಮೌರಿಸ್ ಹೇಳಿದರು, ಆ ಬೆಳಗ್ಗೆ ನೀನು ಕಪ್ಪು ಕಾಫಿ ಕೂಡ ಮುಟ್ಟಿರಲಿಲ್ಲವಂತೆ. ಓದಲು ಬರುವುದಿಲ್ಲ ಎನ್ನುವುದಕ್ಕಿಂತ ಕುಡುಕ ಎನಿಸಿಕೊಳ್ಳುವುದೇ ನಿನಗೆ ಸುಲಭವಾಯಿತಲ್ಲ. ನನ್ನ ತಪ್ಪು. ಮಕ್ಕಳ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಬರೆದ ಕೈಯಿಂದಲೇ ಬರೆಯುತ್ತಿದ್ದೇನೆ, ನನ್ನ ತಪ್ಪು.

ರಿಪೋರ್ಟು ಬಂದಿದೆ. ಡಿಸ್ಲೆಕ್ಸಿಯಾ ಅಂತೆ. ಬುದ್ಧಿ ಒಂದು ಚೂರೂ ಕಡಿಮೆಯಿಲ್ಲ, ಕಲಿಸುವ ದಾರಿ ಬೇರೆ ಆಗಬೇಕು, ಪರೀಕ್ಷೆಗೆ ಹೆಚ್ಚು ಸಮಯ ಕೇಳಬಹುದು. ಒಂದೇ ಕುಟುಂಬದಲ್ಲಿ ಹಲವರಿಗೆ ಇರುವುದೂ ಉಂಟಂತೆ. ಅವತ್ತು ಮನೆಗೆ ಬರುವಾಗ ಕ್ಯಾರೆನ್‌ಗೆ ನಿನ್ನ ವಿಷಯ ಹೇಳಿದೆ. ನಾನೊಬ್ಬಳೇ ಅಲ್ಲ ಎಂದು ಅವಳ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು. ಅಂದಿನಿಂದ ಲೆಸ್ಟರ್ ಅಜ್ಜ ಯಾವಾಗ ಬರುತ್ತಾರೆ ಎಂದು ಒಂದೇ ರಾಗ. ಕಳೆದ ಭಾನುವಾರ ಕಾಪು ಬೀಚಿಗೆ ಕರೆದುಕೊಂಡು ಹೋಗಿದ್ದೆವು. ದೀಪಸ್ತಂಭದ ಬಂಡೆಯ ಮೇಲೆ ನಿಂತು, ಮಸ್ಕತ್ತು ಯಾವ ಕಡೆ ಎಂದು ಕೇಳಿ ಆ ಕಡೆಗೆ ಕೈಬೀಸಿದಳು. ನಾನೂ ಬೀಸಿದೆ. ಮೌರಿಸ್ ನಗಾಡಿದರು, ನಗಾಡಲಿ. ನಿನ್ನನ್ನು ನೋಡಬೇಕೆಂದು ತುಂಬಾ ಆಸೆಯಾಗುತ್ತದೆ ಬಾಬಾ.

ಸೆಲೀನ್ ಬಾಯಿ ನಿನ್ನ ಸುದ್ದಿ ಕೇಳಿದ್ದಾಳೆ. ಭಾವ, ವನೆಸ್ಸಾ, ಕ್ಯಾರೆನ್ ಎಲ್ಲರ ನೆನಪುಗಳು. ನಮ್ಮ ಅಮ್ಮ ನಿನ್ನ ಹಣೆಗೆ ಹಾಕುತ್ತಿದ್ದ ಶಿಲುಬೆಯ ಗುರುತನ್ನು ಇಲ್ಲಿಂದಲೇ ಹಾಕಿದ್ದೇನೆ, ದೇವರು ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಬೆನೆಡಿಕ್ಟಾ

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಹನ್ನೊಂದು ಪತ್ರ ಹಾಕಿ ಉತ್ತರವಿಲ್ಲವೆಂದು ಬೈದೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ! ಅವನ್ನು ನೀನು ಯಾರ ಕೈಯಲ್ಲಾದರೂ ಓದಿಸಿದೆಯೋ, ಒಡೆಯದೆ ಪೆಟ್ಟಿಗೆಯಲ್ಲಿಟ್ಟೆಯೋ ನನಗೆ ಗೊತ್ತಿಲ್ಲ. ಇದನ್ನು ಬರೆದು ಮುಗಿಸಿ, ಕ್ಯಾರೆನ್ ತೋರಿಸಿದ ಹಾಗೆ ಫೋನಿನ ಮೈಕ್ ಒತ್ತಿ, ಮೊದಲ ಸಾಲಿನಿಂದ ನಾನೇ ಓದಿ ಕಳಿಸುತ್ತಿದ್ದೇನೆ. ಈಗ ನೀನು ಕೇಳುತ್ತಿರುವುದು ಅದೇ. ಕ್ಯಾರೆನ್‌ಗೆ ಮಾಡಿದ ಆ ಪರೀಕ್ಷೆ ದೊಡ್ಡವರಿಗೂ ಮಾಡುತ್ತಾರಂತೆ. ನಿನ್ನನ್ನು ಕೇಳದೆ ಹೆಸರು ಕೊಡುವ ತಪ್ಪು ಎರಡನೆಯ ಸಲ ಮಾಡಲಿಲ್ಲ. ಜನವರಿ ಐದಕ್ಕೆ ಒಂದು ಜಾಗ ಉಂಟು, ಈ ಶನಿವಾರದವರೆಗೆ ಹಿಡಿದಿಡುತ್ತೇನೆ ಎಂದಿದ್ದಾಳೆ ಯಶ್ಮಿತಾ. ಸೋಮವಾರ ಮಾರಾಯ, ಹೊಟ್ಟೆನೋವು ಅಂತ ಹೇಳಬೇಡ. ಪರೀಕ್ಷೆ ಬೇಡವಾದರೆ ಬೇಡ, ಮನೆಗೆ ಬಾ. ಉತ್ತರ ಬರೆಯಬೇಕಾಗಿಲ್ಲ. ಮೈಕ್ ಒತ್ತಿ "ಬಾಯ್" ಎಂದು ಒಮ್ಮೆ ಹೇಳು, ಸಾಕು.