ಕೊಲ್ಲಿಗೆ ಬೆನ್ನು ಮಾಡಿದವಳು

ತಂಗಾನಿಕಾ ಸರೋವರದ ದಡ,
ಜುಲೈ ೯, ಗುರುವಾರ

ನನ್ನ ಮುದ್ದಿನ ತೌಸಿಗೆ,

ಅಳಿಯನಿರುವ ಮನೆಯ ಅಂಗಳವನ್ನು ಅತ್ತೆಯಾದವಳು ತುಳಿಯುವಂತಿಲ್ಲ, ಅವನ ಮುಖವನ್ನೂ ನೋಡುವಂತಿಲ್ಲ. ಆದುದರಿಂದ ಬಾಯಲ್ಲಿ ಹೇಳಬೇಕಾದುದನ್ನು ಕಾಗದದಲ್ಲಿ ಹೇಳುತ್ತಿದ್ದೇನೆ.

ಸೋಮವಾರ ಬೆಳಿಗ್ಗೆ ಕಾವಲಿನವರು, ಮೀನುಗಳು ಮರಿಮಾಡಲೆಂದು ಊರೆಲ್ಲ ಸೇರಿ ಮುಚ್ಚಿದ ಕೊಲ್ಲಿಯಲ್ಲಿ ಒಬ್ಬನನ್ನು ಹಿಡಿದು ತಂದರು. ಅವನು ನಿನ್ನ ಗಂಡ ಬುಕುರು. ಸೊಳ್ಳೆಪರದೆಗಳನ್ನು ಹೊಲಿದು ಮಾಡಿದ ಬಲೆ. ಅದರಲ್ಲಿ ಉಗುರಿನಷ್ಟಿದ್ದ ಕೂಹೆ ಮೀನಿನ ಮರಿಗಳು, ಅವುಗಳನ್ನು ಕಾಯುತ್ತಿದ್ದ ತಾಯಿಮೀನು. ಅಂತಹ ಬಲೆಯನ್ನು ದಡದಲ್ಲೇ ಸುಡಿಸುವುದು ಕೊಲ್ಲಿ ಕಾಯುವ ಸಮಿತಿಯ ಅಧ್ಯಕ್ಷೆಯಾದ ನನ್ನ ಹೊಣೆ.

ನನ್ನನ್ನು ಕಂಡೊಡನೆ ಅವನು ಅಂಗಿಯನ್ನು ಮುಖಕ್ಕೆ ಎಳೆದುಕೊಂಡ. ನಾನೂ ಕಟ್ಟಳೆಯಂತೆ ಬೆನ್ನು ತಿರುಗಿಸಿದೆ. ಅಲ್ಲಿಯವರೆಗೆ ಸರಿಯಾಗಿತ್ತು. ಬಲೆಯನ್ನು ಏನು ಮಾಡೋಣ ಎಂದು ಕಾವಲಿನವರು ಕೇಳಿದಾಗ, ಮುಖ ನೋಡಬಾರದವನಿಗೆ ಹೇಗೆ ತೀರ್ಪು ಹೇಳಲಿ ಎಂದುಬಿಟ್ಟೆ. ಹಿರಿಯರ ಕಟ್ಟಳೆಯನ್ನು ಕೊಡೆಯಂತೆ ಹಿಡಿದು ಅದರಡಿ ಅಡಗಿದೆ. ಅವನು ಬಲೆ ಸುತ್ತಿಕೊಂಡು ಹೊರಟುಹೋದ.

ಹೋದ ವರ್ಷ ಮಗನ ಬಲೆಯನ್ನು ಕಳೆದುಕೊಂಡ ಮುದುಕಿ ಕಿಝಾ ಅಲ್ಲೇ ಇದ್ದಳು. "ನನ್ ಮಗನ ಬಲೆ ಸುಡ್ಸೋವಾಗ ಹದ್ದಿನ ಕಣ್ಣಿತ್ತಲ್ಲ ತಾಯಿ, ಅಳಿಯ ಬಂದ ಕೂಡ್ಲೇ ಪೊರೆ ಬಂತಾ?" ಎಂದಳು. ಎಲ್ಲರೂ ನಕ್ಕರು, ಅವಳು ನಗಲಿಲ್ಲ.

ಮರುದಿನ ಅವಳ ಮಗ ಹಾಡುಹಗಲೇ ಮುಚ್ಚಿದ ಕೊಲ್ಲಿಯ ಗಡಿಯ ತೇಲುಗುರುತುಗಳನ್ನು ದಾಟಿದ. "ಅಧ್ಯಕ್ಷೆಯಮ್ಮಾ, ನಂಗೂ ಒಬ್ಳು ಮಗಳನ್ನ ಕೊಟ್ಬಿಡಿ, ಆಮೇಲೆ ನಾನೂ ನಿಮ್ ಕಣ್ಣಿಗೆ ಬೀಳಲ್ಲ" ಎಂದು ದೋಣಿಯಿಂದಲೇ ಕೂಗಿದ. ಅವನನ್ನು ತಡೆಯದೆ, ಕೊಲ್ಲಿಗೆ ಬೆನ್ನು ಮಾಡಿ ಮನೆಗೆ ನಡೆದೆ. ನಿನ್ನೆ ಕೊಲ್ಲಿಯ ತುಂಬ ದೋಣಿಗಳು. ಇಷ್ಟು ವರ್ಷ ಊರು ಹಸಿವನ್ನು ತಡೆದುಕೊಂಡು ಕಾಪಾಡಿದ ನೀರು ಮಳೆಗಾಲ ಬರುವುದರೊಳಗೆ ಬರಿದಾಗುತ್ತದೆ.

ಪತ್ರದೊಡನೆ ಒಂದು ಕೆಂಪು ಕೋಳಿ ಕಳುಹಿಸಿದ್ದೇನೆ. ಅತ್ತೆ ಅಳಿಯರ ನಡುವಣ ತೆರೆಯನ್ನು ಸರಿಸುವ ಕೋಳಿ ಯಾವುದೆಂದು ನಿನಗೆ ಗೊತ್ತು. ಮೊಮ್ಮಕ್ಕಳು ಬೆಳೆದ ಮೇಲೆ, ಸಂತೋಷದ ದಿನ, ಕಳುಹಿಸಬೇಕೆಂದಿದ್ದೆ. ಬುಕುರು ಅದನ್ನು ಸ್ವೀಕರಿಸಲಿ, ಆಮೇಲೆ ಮುಖ ನೋಡಬಾರದೆಂಬ ಕಟ್ಟಳೆ ನಮಗಿರುವುದಿಲ್ಲ; ಶನಿವಾರ ಬಲೆಯೊಡನೆ ದಡಕ್ಕೆ ಬರಲಿ. ಅವನ ಮುಖವನ್ನು ಮೊದಲ ಬಾರಿಗೆ ನೋಡಿ, ಬೆಂಕಿ ಹಚ್ಚಲು ಹೇಳುತ್ತೇನೆ. ಅವನು ಬಾರದಿದ್ದರೆ ನಾನೇ ನಿನ್ನ ಅಂಗಳಕ್ಕೆ ಬರುತ್ತೇನೆ.

ತಲೆ ತಗ್ಗಿಸಿರುವ ನಿನ್ನ ತಾಯಿ,
ನ್ಯಾಬೆಂಡಾ

ಸಹಿಯ ಬಳಿಕ: ಭಾನುವಾರ ನೀನು ತಾಳೆಯೆಣ್ಣೆಯಲ್ಲಿ ಬೇಯಿಸಿ ಕಳುಹಿಸಿದ ಕೂಹೆ, ಈ ಗಾಳಿಯ ದಿನಗಳಲ್ಲಿ ಆ ಕೊಲ್ಲಿಯ ಹೊರಗೆ ಸಿಗುವ ಮೀನಲ್ಲ. ಮೊದಲ ತುತ್ತಿಗೇ ತಿಳಿದಿತ್ತು. ತಿಳಿದೂ, ತಟ್ಟೆಯನ್ನು ಉಗಾಲಿ ಮುದ್ದೆಯಿಂದ ಒರೆಸಿಕೊಂಡು ತಿಂದೆ. ಶನಿವಾರ ಬೆಂಕಿಯ ಮುಂದೆ ಇದನ್ನೂ ಹೇಳುವವಳಿದ್ದೇನೆ. ಕಿಝಾಳಿಗಿಂತ ಮೊದಲು ನಿನಗೆ ತಿಳಿದಿರಲಿ.