ನಿಮ್ಮ ಹೆಬ್ಬಾತುಗಳು ತೇರದಾಳದಲ್ಲಿವೆ

ಅತ್ತೀ,

ನಿಮ್ಮ ಸೊಸೆ ಬರೆಯುತ್ತಿದ್ದೇನೆ. ಮನೆಯಲ್ಲಿ ಎಲ್ಲರೂ ಆರಾಮ ಇದ್ದೇವೆ. ಹಿತ್ತಲು ಮಾತ್ರ ಈಗ ತೀರ ಸುಮ್ಮನಿದೆ. ನಿಮ್ಮ ಹೆಬ್ಬಾತುಗಳನ್ನು ತೇರದಾಳಕ್ಕೆ ಬಿಟ್ಟು ಬಂದಿದ್ದೇನೆ. ಗಾಬರಿಯಾಗಬೇಡಿ, ಪೂರ್ತಿ ಓದಿ. ಅಕ್ಷರ ಬಾರದ ನಿಮಗೆ ಓದಿ ಎನ್ನುತ್ತಿದ್ದೇನಲ್ಲ! ಇರಲಿ, ಅಲ್ಲಿ ಮಾವನವರು ಇದ್ದಾರೆ, ಓದಿ ಹೇಳುತ್ತಾರೆ.

ಮಾವನವರು ಮಿರಜದಿಂದ ಆ ಬಿಳಿ ಜೋಡಿಯನ್ನು ಬುಟ್ಟಿಯಲ್ಲಿ ಹೊತ್ತು ತಂದ ದಿನ ನೆನಪಿದೆಯೆ? ಅಕ್ಕಪಕ್ಕದ ತೋಟದವರು "ಬದಕ ತಂದಾರ, ಬದಕ" ಎಂದು ಬಾತುಕೋಳಿಯ ಹೆಸರು ಹಿಡಿದರೆ ನಿಮಗೆ ಸಿಟ್ಟು. "ಬದಕ ಅಲ್ಲ, ಹಂಸ ಅನ್ರಿ" ಎನ್ನುತ್ತಿದ್ದಿರಿ. ಪಡಸಾಲೆಯಲ್ಲಿ ಕವಿತೆ ಓದುತ್ತ ಕೂತಿದ್ದ ನಾನು, ಹಂಸವು ಹಾಲನ್ನೂ ನೀರನ್ನೂ ಬೇರೆ ಮಾಡುತ್ತದಂತೆ ಎಂದೆ. ನೀವು ನೀರಿನ ತೊಟ್ಟಿಯ ಕಡೆ ಕೈ ತೋರಿಸಿ, "ನಿನ್ನ ಪುಸ್ತಕದ ಹಂಸ ಬ್ಯಾರೆ ಇರಬೇಕವಾ. ನಮ್ಮವು ಛಲೋ ನೀರಿನಾಗ ಕೆಸರು ಕಲಸ್ತಾವ, ನುಚ್ಚಿನಾಗೂ ಕೆಸರು ಕಲಸ್ತಾವ" ಎಂದು ನಕ್ಕಿರಿ. ಎದೆ ಮುಂದೆ ಮಾಡಿ ನಡೆಯುವ ಗಂಡಿಗೆ 'ಸಾಹೇಬ' ಎಂದು ಹೆಸರಿಟ್ಟವರೂ ನೀವೇ. ಆಮೇಲೆ ಇನ್ನೆರಡು ಹೆಣ್ಣು ಬಂದವು. ಸಾಹೇಬನ ಹಿಂದೆ ಮೂರು ಹೆಣ್ಣುಗಳ ಸಾಲು.

ಹೊತ್ತು ಮುಳುಗುವಾಗ ನೀವು ಕೋಲು ಹಿಡಿದು ಬಾವಿಕಟ್ಟೆಗೆ ಹೋಗುತ್ತಿದ್ದುದು ಈಗಲೂ ಕಣ್ಣ ಮುಂದಿದೆ. "ಆ ಆ ಆ ಬರ್ರಿ" ಎಂದು ಕರೆದರೆ ನಾಲ್ಕೂ ಸಾಲಾಗಿ ಗೂಡಿಗೆ. ಅದೊಂದು ಕೆಲಸ ಎಂದು ನನಗೆ ಅನ್ನಿಸಿರಲೇ ಇಲ್ಲ. ಶ್ರಾವಣದಲ್ಲಿ ನೀವೂ ಮಾವನವರಂತೆ ನಮ್ಮನ್ನು ಬಿಟ್ಟು ಹೋದಿರಿ. ಚಳಿಗಾಲ ಬಂತು, ಸಕ್ಕರೆ ಫ್ಯಾಕ್ಟರಿಯ ಗ್ಯಾಂಗಿನವರು ಬಂದು ಸುತ್ತಲಿನ ಕಬ್ಬು ಕಡಿದರು. ಕಬ್ಬಿನ ಮರೆಯಲ್ಲಿ ಬೆಚ್ಚಗಿದ್ದ ನರಿಗಳಿಗೆ ಒಮ್ಮೆಲೇ ಅಡಗಲು ಜಾಗವಿಲ್ಲದಂತಾಯಿತು. ನಾನು ಕಾಲೇಜಿನಲ್ಲಿ ಪಾಠ ಮುಗಿಸಿ ಬಸ್ಸಿಳಿಯುವಷ್ಟರಲ್ಲಿ ದೀಪ ಹಚ್ಚುವ ಹೊತ್ತು ಮೀರಿರುತ್ತಿತ್ತು. ಒಂದು ಸಂಜೆ ಬಂದು ನೋಡಿದರೆ ತೊಟ್ಟಿಯ ಸುತ್ತ ಬಿಳಿ ಗರಿ. ಕಿರಿಯ ಹೆಣ್ಣು ಇರಲಿಲ್ಲ. ಸಾಹೇಬ ಗೋಡೆಗೆ ಒತ್ತಿ ನಿಂತಿದ್ದ, ಉಳಿದೆರಡನ್ನು ರೆಕ್ಕೆಯ ಹಿಂದೆ ಹಾಕಿಕೊಂಡು...

ನಿಮ್ಮ ಮಗ ಕೋಪ ಬಂದಾಗ ಹೇಗೆ ಮಾತಾಡುತ್ತಾರೆ ನಿಮಗೆ ಗೊತ್ತೇ ಇದೆ. "ಒಂದು ಮುಧೋಳ ನಾಯಿ ತಂದ್ರ ಆತು. ನರಿ ಅಲ್ಲ, ತೋಳಾನೂ ಈ ಕಡೆ ಹಾಯಂಗಿಲ್ಲ" ಎಂದರು. ಮರುವಾರವೇ ಮುಧೋಳದ ಗೆಳೆಯರ ಮನೆಯಿಂದ ತಂದರೂ ತಂದರು. ತೆಳ್ಳಗೆ, ಉದ್ದಕ್ಕೆ, ರಾಜರ ಮನೆಯ ಚಿತ್ರದಲ್ಲಿರುವಂಥ ನಾಯಿ. ಆದರೆ ಅತ್ತೀ, ಓಡುವುದನ್ನು ಕಂಡರೆ ಬೆನ್ನು ಹತ್ತುವುದು ಅದರ ಜಾತಿಯ ಗುಣವಲ್ಲವೆ? ಹೆಬ್ಬಾತುಗಳು ಹೆದರಿ ಓಡಿದವು, ಅದು ಖುಷಿಯಾಗಿ ಬೆನ್ನಟ್ಟಿತು. ನಿಮ್ಮ ಮಗ ಧೋತರ ಮೇಲೆತ್ತಿ ಆ ನಾಲ್ಕರ ಹಿಂದೆ. ನಾನು ಬಾಗಿಲಲ್ಲಿ ನಿಂತು, "ನರಿ ಕಾಯಾಕ ನರಿಯಪ್ಪನ್ನ ತಂದ್ರೇನ್ರಿ?" ಎಂದೆ. ಎರಡನೇ ದಿನವೇ ನಾಯಿ ಮುಧೋಳಕ್ಕೆ ವಾಪಸ್.

ಆಮೇಲೆ ಉಳಿದದ್ದು ಒಂದೇ ದಾರಿ, ಯಾರಿಗಾದರೂ ಕೊಡುವುದು. ಆದರೆ ಯಾರಿಗೆ? ನೋಡಲು ಬಂದವರೆಲ್ಲ ಅವುಗಳ ಎದೆ ಒತ್ತಿ ನೋಡುವವರು. ನರಿಯಿಂದ ಉಳಿಸಿ ಒಲೆಗೆ ಕೊಡಲೆ? ಆಗ ಪದ್ಮಾವತಿ ನೆನಪಾದಳು, ಧಾರವಾಡದಲ್ಲಿ ನನ್ನ ಜೊತೆ ಎಂ.ಎ. ಓದಿದವಳು, ತೇರದಾಳದ ಜೈನರ ಮನೆಯ ಸೊಸೆ. ಒಮ್ಮೆ ಬಸ್ಸು ಕೆಟ್ಟು ಕತ್ತಲಾದ ಮೇಲೆ ನಮ್ಮ ಮನೆಗೆ ಬಂದು, ಊಟ ಬೇಡವೆಂದು ಕೂತಿದ್ದಳಲ್ಲ. "ಹೊತ್ತು ಮುಳುಗಿದ್ರ ರೊಟ್ಟಿ ವಿಷ ಆಕ್ಕತೇನವಾ?" ಎಂದು ನೀವು ಕೇಳಿದಿರಿ. "ವಿಷ ಅಲ್ಲರಿ ಅತ್ತೀ. ದೀಪಕ್ಕ ಹುಳ ಬರ್ತಾವ, ಅನ್ನದಾಗ ಬಿದ್ದು ಸಾಯಬಾರದರಿ" ಎಂದಳು ಅವಳು. ನೀವು ಆ ರಾತ್ರಿಯೆಲ್ಲ ಒದ್ದಾಡಿ, ಬೆಳಗ್ಗೆ ಸೂರ್ಯ ಹುಟ್ಟುವುದನ್ನೇ ಕಾದು ಬಿಸಿ ರೊಟ್ಟಿ ಬಡಿದು ಕೊಟ್ಟಿರಿ. ಹುಳದ ಜೀವಕ್ಕೆ ಹೆದರುವ ಮನೆಯಲ್ಲಿ ಸಾಹೇಬನನ್ನು ಯಾರು ತಿಂದಾರು?

ಸಂಕ್ರಾಂತಿ ಮುಗಿದ ಭಾನುವಾರ ಟೆಂಪೊ ಮಾಡಿಕೊಂಡು ಹೊರಟೆ. ಹಿಂದೆ ಮೂರು ಬುಟ್ಟಿ, ಮೇಲೆ ನಿಮ್ಮ ಹಳೆಯ ಇಳಕಲ್ ಸೀರೆಯ ತುಂಡು ಕಟ್ಟಿದ್ದೆ. ಬನಹಟ್ಟಿಯೊಳಗೆ ಹೋಗುವಾಗ ಮಗ್ಗಗಳ ಸದ್ದು ಒಂದು ಕಡೆ, ಸಾಹೇಬನ ಕೂಗು ಇನ್ನೊಂದು ಕಡೆ. ಡ್ರೈವರ್ ಕನ್ನಡಿಯಲ್ಲಿ ನೋಡಿ ನೋಡಿ ಕೊನೆಗೆ ಕೇಳಿಯೇಬಿಟ್ಟ.

"ಅಕ್ಕಾರ, ಒಂದೊಂದು ಎಷ್ಟ ಕಿಲೋ ತೂಗತಾವರಿ?"

"ತೂಗಾಕ ಅಲ್ಲಪಾ, ಸಾಕಾಕ ಒಯ್ಯಾಕತ್ತೇನಿ."

"ಬರೇ ಸಾಕಾಕ? ಮತ್ತ ಹಬ್ಬಕ್ಕ?"

"ಹಬ್ಬಕ್ಕೂ ಸಾಕಾಕನ."

ಅವನು ತಲೆ ಕೊಡವಿ ಗೇರು ಬದಲಿಸಿದ. ಇಂಥ ನಷ್ಟದ ವ್ಯವಹಾರವನ್ನು ಅವನು ಹಿಂದೆ ಕಂಡಿರಲಿಕ್ಕಿಲ್ಲ.

ಪದ್ಮಾ ಬಾಗಿಲಲ್ಲೇ ಕೈ ಬಡಿದು ನಕ್ಕಳು. "ಏನ್ ಮೆರವಣಿಗಿ ಬೇ ಇದು!" ನನಗೋ ಅವರ ಮನೆಯ ಹಿಂದೆ ನೋಡಿ ಜೀವ ಹಾರಿತು. ಅಲ್ಲಿಯೂ ಕಬ್ಬು, ಅದೂ ಅರ್ಧ ಕಡಿದದ್ದು. "ಇಲ್ಲೂ ನರಿ ಅದಾವೇನ?" ಎಂದೆ. "ಇಲ್ದ ಏನ? ನಿಮ್ಮ ಊರಿಗಿಂತ ಹೆಚ್ಚ ಅದಾವ" ಎಂದಳು ಸಲೀಸಾಗಿ. ವಾಪಸ್ ಒಯ್ಯುವುದೋ ಏನೋ ಎಂದು ನಾನು ಯೋಚಿಸುತ್ತ ಕೂತೆ. ಬಿಸಿಲು ಇನ್ನೂ ಅಂಗಳದಲ್ಲಿತ್ತು, ನನ್ನನ್ನು ಊಟಕ್ಕೆ ಎಬ್ಬಿಸಿದರು. ಉಂಡು ಕೈ ತೊಳೆದಾಗ ಸೂರ್ಯ ಕಬ್ಬಿನ ಗರಿಯ ಮೇಲೆ. ಒಲೆ ಆರಿತ್ತು, ಪಾತ್ರೆ ಬೋರಲು ಹಾಕಿಯಾಗಿತ್ತು, ಮನೆಮಂದಿಯೆಲ್ಲ ಕಟ್ಟೆಯ ಮೇಲೆ ಖಾಲಿ ಕೈಯಲ್ಲಿ ಕೂತಿದ್ದರು. ಅತ್ತೀ, ಆಗ ನನಗೆ ತಿಳಿಯಿತು. ನಮ್ಮ ಕಡೆ ಆ ಹೊತ್ತಿಗೆ ದೀಪ, ಹಾಲು ಹಿಂಡುವುದು, ರೊಟ್ಟಿ, ಬಸ್ಸು... ನೀವೊಬ್ಬರನ್ನು ಬಿಟ್ಟರೆ ಯಾರ ಕೈಯೂ ಬಿಡುವಾಗಿರುತ್ತಿರಲಿಲ್ಲ. ನರಿ ಬರುವುದೂ ಆ ಹೊತ್ತಿಗೇ. ಈ ಮನೆಯಲ್ಲಿ ಆ ಹೊತ್ತಿಗೆ ಎಲ್ಲರ ಕೈಯೂ ಬಿಡುವು. ಪದ್ಮಾ ಎದ್ದಳು, ಅವಳ ಅತ್ತೆಯೂ ಎದ್ದರು, ಬೆಳಕಿರುವಾಗಲೇ ಮೂರನ್ನೂ ಹಳೆಯ ದನದ ಕೋಣೆಗೆ ಹೊಡೆದು ಚಿಲಕ ಹಾಕಿದರು.

"ಉಂಡ ಮ್ಯಾಲೆ ಮಲಗೂತನಕ ಒಬ್ಬರ ಮಾರಿ ಒಬ್ಬರು ನೋಡಕೋಂತ ಕೂಡ್ತಿದ್ವಿ. ಇವು ಬಂದದ್ದು ಛಲೋ ಆತು ನೋಡ" ಎಂದಳು ಪದ್ಮಾ. "ಮಳಿಗಾಲಕ್ಕ ನಮ್ಮ ಕಡಿ ಕಬ್ಬು ಬೆಳೀಲಿ, ಬಂದು ಒಯ್ತೀನಿ" ಎಂದು ಹೇಳಿ ಬಂದೆ. ಹಾಗೆ ಹೇಳದಿದ್ದರೆ ಅಲ್ಲಿಂದ ಕಾಲು ಕಿತ್ತಿಡುವುದು ನನ್ನಿಂದ ಆಗುತ್ತಿರಲಿಲ್ಲ.

ಬಸವ ಜಯಂತಿಯ ಮರುದಿನ, ಅಂದರೆ ಮೊನ್ನೆ, ನೋಡಲು ಹೋಗಿದ್ದೆ. ನಿಮಗೆ ಹೇಳಬೇಕಾದ ಸುದ್ದಿ ಇದೇ. ನಮ್ಮ ಹಿತ್ತಲಲ್ಲಿ ಮೊಟ್ಟೆ ಇಟ್ಟರೂ ಮುಂಗುಸಿ ಬಿಡುತ್ತಿರಲಿಲ್ಲ. ಅಲ್ಲಿ ಕೋಣೆಗೆ ಬಾಗಿಲಿದೆ, ಮೊಟ್ಟೆ ಮುಟ್ಟುವವರೂ ಯಾರಿಲ್ಲ. ಹಿರಿಯ ಹೆಣ್ಣು ಕಾವಿಗೆ ಕೂತು ಎದ್ದಿದೆ. ಹಳದಿ ಮರಿಗಳು, ಅರಿಶಿನದ ಉಂಡೆ ಉರುಳಿದ ಹಾಗೆ! ನಾನು ತಡೆಯಲಾರದೆ ಬಗ್ಗಿ ಕೈ ಚಾಚಿದೆ. ಸಾಹೇಬ ಎಲ್ಲಿದ್ದನೋ, ಕೊರಳು ನೆಲಕ್ಕೆ ಚಾಚಿ ಬುಸುಗುಡುತ್ತ ನುಗ್ಗಿ ಬಂದ. ನನ್ನ ಸೆರಗು ಕಚ್ಚಿ ಎಳೆದ. ನಾನು ಕಟ್ಟೆ ಹತ್ತಿ ನಿಂತೆ.

ಪದ್ಮಾ ಹೊಟ್ಟೆ ಹಿಡಿದು ನಗುತ್ತ ಕೇಳಿದಳು, "ಮಳಿಗಾಲಕ್ಕ ಒಯ್ಯತಿಯೇನ ಮತ್ತ?"

"ಬ್ಯಾಡ ಬೇ, ಇಲ್ಲೇ ಇರ್ಲಿ" ಎಂದೆ.

ಬಸ್ಸಿನಲ್ಲಿ ಒಬ್ಬಳೇ ನಗುತ್ತ ಬಂದೆ. ಇಷ್ಟು ವರ್ಷ ನುಚ್ಚು ಹಾಕಿದ ನಾನು ಈಗ ಸಾಹೇಬನ ಕಣ್ಣಿಗೆ ಇನ್ನೊಂದು ನರಿ. ಇರಲಿ. ದೀಪಾವಳಿಗೆ ಮತ್ತೆ ಹೋಗುತ್ತೇನೆ, ಬೇಲಿಯ ಹೊರಗೇ ನಿಂತು ನೋಡಿ ಬರುತ್ತೇನೆ.

ನಿಮ್ಮ ಸೊಸೆ