ಸೀತಾಳೆ ದಂಡೆ ಮತ್ತು ಮೇಷ್ಟ್ರ ಮೀಸೆ

೧೯೮೧ ಜನವರಿ ೧೮, ಭಾನುವಾರ

ಇವತ್ತೂ ಒಂದು ಎಲೆ ಹಳದಿ. ದೀಪಾವಳಿಗೆ ಅಕ್ಕ ಸಕಲೇಶಪುರದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಸೀತಾಳೆ ದಂಡೆ, ಮಲೆನಾಡಿನ ಕಾಡು ಆರ್ಕಿಡ್. ಮಧುಗಿರಿಯಲ್ಲಿ ಆರ್ಕಿಡ್ ಅಂದರೆ ಗೊತ್ತಿರುವವರು ನಮ್ಮ ಸ್ಕೂಲಿನ ಜಯರಾಮಯ್ಯ ಮೇಷ್ಟ್ರು ಒಬ್ಬರೇ. ನಿನ್ನೆ ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರಿಗೆ ಅಂದರು: "ಈ ಬಂಡೆ ಊರಲ್ಲಿ ಅದು ಹೂ ಬಿಟ್ರೆ ನನ್ ಮೀಸೆ ಬೋಳಿಸ್ಕೊತೀನಿ ಕಣಮ್ಮ." ದಿನಾ ಎಣ್ಣೆ ತೀಡುವ ಮೀಸೆ ಅದು! ನಾನು ಬಿಡುತ್ತೇನೆಯೇ? "ಬ್ಲೇಡು ನಾನೇ ಕೊಡ್ತೀನಿ ಸಾರ್" ಅಂದುಬಿಟ್ಟೆ. ವಿಜ್ಞಾನದ ಟೀಚರು ನಾನು. ಹೂ ಬರಲೇಬೇಕು.

ಕುಂಡದಿಂದ ಕಿತ್ತು ನೋಡಿದೆ. ಬೇರು ಕೊಳೆತು ಮೆತ್ತಗಾಗಿದೆ. ಗುಲಾಬಿಗೆ ಹಾಕುವ ಹಾಗೆ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿದ್ದೆ. ಕೊಂಬೆಯ ಮೇಲೆ ಗಾಳಿ ಕುಡಿದು ಬದುಕುವ ಗಿಡವನ್ನು ಮಣ್ಣಲ್ಲಿ ಹೂತರೆ ಇನ್ನೇನಾಗುತ್ತದೆ! ಕೊಳೆತದ್ದು ಕತ್ತರಿಸಿದೆ. ಹಲಸಿನ ಮರದ ತುಂಡಿಗೆ ತೆಂಗಿನ ನಾರು ಸುತ್ತಿ, ಗಿಡ ಕಟ್ಟಿ, ಬಚ್ಚಲ ಪಕ್ಕ ತೂಗುಹಾಕಿದೆ. ಅಲ್ಲಿ ತಂಪು.

ಇವರು ನೋಡಿ, "ತೊಟ್ಟಿಲು ಕಟ್ಟಿದ್ದಾಯ್ತು, ನಾಮಕರಣ ಯಾವಾಗ?" ಅಂದರು. ನಾನು ನಗಲಿಲ್ಲ.

ಮಾರ್ಚ್ ೧, ಭಾನುವಾರ

ಹೊಸ ಬೇರು! ತುದಿ ಹಸಿರು! ಬದುಕಿತು...

ಆದರೆ ಎಲೆ ಕಡು ಹಸಿರು, ಕಪ್ಪಿಗೆ ತಿರುಗಿದಂತೆ. ಲೈಬ್ರರಿಯ ಪುಸ್ತಕ ನೋಡಿದೆ — ಬೆಳಕು ಸಾಲದಿದ್ದರೆ ಹೀಗೆ, ಹೂವೂ ಬರುವುದಿಲ್ಲ. ಬಚ್ಚಲ ಕತ್ತಲಲ್ಲಿ ಉಂಡು ಮಲಗಿದೆ, ಸೋಮಾರಿ. ಹಿತ್ತಲ ಸೀಬೆ ಮರಕ್ಕೆ ವರ್ಗ ಮಾಡಿದೆ. ಬೆಳಗಿನ ಎಳೆ ಬಿಸಿಲು, ಮಧ್ಯಾಹ್ನ ನೆರಳು.

ಏಪ್ರಿಲ್ ೧೨, ಭಾನುವಾರ

ಬಣ್ಣ ಸರಿಹೋಯಿತು, ಈಗ ತಿಳಿ ಹಸಿರು. ಅಷ್ಟರಲ್ಲಿ ಹೊಸ ಪೀಡೆ. ಎಲೆಯ ಬುಡದಲ್ಲಿ ಬಿಳಿ ಕಲೆ, ತುದಿ ಕಪ್ಪು. ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣ ಅಂದುಕೊಂಡು ಕಾಯಿಸಿ ಆರಿಸಿದ ನೀರನ್ನೇ ಹಾಕುತ್ತಿದ್ದೇನೆ. ಅತ್ತೆ ಸುಮ್ಮನಿರುತ್ತಾರೆಯೇ? "ಗಿಡಕ್ಕೆ ನೀರ್ ಕಾಯಿಸ್ತೀಯ. ನನ್ ಸ್ನಾನಕ್ಕೆ ಮಾತ್ರ ಸೌದೆ ಇಲ್ಲ ಅಂತೀಯ."

ಕಲೆ ಹೋಗಿಲ್ಲ. ಸಾಲದ್ದಕ್ಕೆ ಇರುವೆ ಸಾಲು. ಸುಣ್ಣಕ್ಕೆ ಇರುವೆ ಯಾಕೆ ಮುತ್ತುತ್ತದೆ?

ಏಪ್ರಿಲ್ ೧೩, ಬೆಳಿಗ್ಗೆ ೬

ಕಳ್ಳ ಸಿಕ್ಕ! ಕಳ್ಳ ಅಲ್ಲ — ಅತ್ತೆ!

ಪೂಜೆ ಮುಗಿಸಿ, ಲಿಂಗಕ್ಕೆ ಮಜ್ಜನ ಮಾಡಿಸಿದ ನೀರನ್ನು — ಹಾಲು, ವಿಭೂತಿ ಎಲ್ಲ ಬೆರೆತದ್ದು — ಸೀದಾ ತಂದು ನನ್ನ ಸೀತಾಳೆಯ ನೆತ್ತಿಗೆ ಸುರಿದರು. ಆ ನೀರು ತುಳಿಯಬಾರದು, ಗಿಡಕ್ಕೇ ಹಾಕಬೇಕು, ಒಪ್ಪಿದೆ. ಹಿತ್ತಲಲ್ಲಿ ಬೇರೆ ಗಿಡವೇ ಇಲ್ಲವೇ!

"ಅತ್ತೇ!" ಕಿರುಚೇಬಿಟ್ಟೆ.

"ಯಾಕಂಗ್ ಅರಚ್ತೀಯ? ಬಡವಾಗಿತ್ತು ಕೂಸು. ಸ್ವಾಮಿ ನೀರು ಬಿದ್ರೆ ಚೇತರಿಸ್ಕೊತೈತೆ ಅಂತ ಹಾಕ್ದೆ. ಆ ಮೇಷ್ಟ್ರ ಮುಂದೆ ನಿನ್ ತಲೆ ತಗ್ಗಬಾರ್ದು ಕಣವ್ವ."

ಕೋಪ ಎಲ್ಲಿ ಹೋಯಿತೋ. ನಾನು ಗೆಲ್ಲಲಿ ಅಂತಲೇ ಹಾಕಿದ್ದು. ಅಂಥವರಿಗೆ ದೇವರ ನೀರಿನಿಂದಲೇ ಗಿಡ ಕೆಟ್ಟಿತು ಅಂತ ಯಾವ ಬಾಯಲ್ಲಿ ಹೇಳಲಿ?

ಅದೇ ದಿನ, ಸಂಜೆ

ಒಂದು ಬಿಲ್ವದ ಸಸಿ ತಂದು ಸೀಬೆಯ ಪಕ್ಕ ನೆಟ್ಟೆ. "ಅತ್ತೆ, ಇನ್ಮೇಲೆ ಮಜ್ಜನದ ನೀರು ಇದಕ್ಕೆ ಹಾಕಿದ್ರೆ ಶ್ರೇಷ್ಠ" ಅಂದೆ. ಬಹಳ ಜಾಣೆ ನಾನು! ಅತ್ತೆ ನನ್ನ ಮುಖವನ್ನೇ ನೋಡಿದರು. "ಬೇಡ ಅಂತ ನೆಟ್ಟಗೆ ಹೇಳಾಕೇನು? ಅದುಕ್ ಹಾಕಲ್ಲ ಬುಡು."

ನಾಚಿಕೆಯಾಯಿತು. ಒದ್ದೆ ಬಟ್ಟೆಯಲ್ಲಿ ಎಲೆ ಒರೆಸುತ್ತ ಕೂತೆ.

ಮೇ ೩, ಭಾನುವಾರ

ಎಲೆಯ ಸಂದಿಯಲ್ಲಿ ಏನೋ ಇಣುಕುತ್ತಿದೆ. ಬೇರು ಅಂದುಕೊಂಡೆ. ಬೇರಾದರೆ ನುಣ್ಣಗಿರಬೇಕು, ಇದು ಗಂಟು ಗಂಟು... ಮೊಗ್ಗು! ಮೊಗ್ಗಿನ ಗೊನೆ!

ಇವರನ್ನು ಎಬ್ಬಿಸಿದೆ. ಹಾವು ಬಂತೆಂದು ದೊಣ್ಣೆ ಹಿಡಿದು ಓಡಿಬಂದರು.

ಮೇ ೩೦, ಶನಿವಾರ

ದಂಡೆ ಜಡೆಯಂತೆ ಇಳಿಬಿದ್ದಿದೆ. ಮೊಗ್ಗೆಲ್ಲ ಉಬ್ಬಿ ನಸುಗೆಂಪು. ಇವತ್ತೋ ನಾಳೆಯೋ! ಮೇಷ್ಟ್ರು ರಜಕ್ಕೆ ಶಿರಾದಲ್ಲಿದ್ದಾರೆ. ಸೋಮವಾರ ಸ್ಕೂಲು ಶುರು. ಬೆಳಿಗ್ಗೆ ಮೊದಲು ನಮ್ಮ ಮನೆಗೇ ಬಂದು ನೋಡುತ್ತೇನೆ ಅಂತ ಹೇಳಿಕಳಿಸಿದ್ದಾರೆ.

ಊಟಕ್ಕೆ ಕೂತಾಗ ಅತ್ತೆ ಅಂದರು: "ಮೊದ್ಲು ಅಳ್ಳಿದ್ ಹೂವು ಸ್ವಾಮಿಗೆ. ನಮ್ಮನೇಲಿ ಯಾವತ್ತೂ ಅಂಗೇಯ."

ನಿಜ, ಈ ಮನೆಯಲ್ಲಿ ಮಲ್ಲಿಗೆಯಾಗಲಿ ದಾಸವಾಳವಾಗಲಿ, ಮೊದಲ ಹೂವು ಅತ್ತೆಯ ಅಂಗೈಯ ಲಿಂಗಕ್ಕೇ. ದಂಡೆಗೆ ದಂಡೆಯೇ ಕಿತ್ತುಬಿಟ್ಟರೆ ಮೇಷ್ಟ್ರಿಗೆ ಏನು ತೋರಿಸಲಿ, ಬರೀ ಎಲೆಯನ್ನೇ? ಒಮ್ಮೆ ಬೇಡ ಅಂದು ನೋಯಿಸಿದ್ದಾಗಿದೆ. ಇನ್ನೊಮ್ಮೆ ಅನ್ನಲು ಬಾಯಿ ಬರಲಿಲ್ಲ.

ಜೂನ್ ೧, ಸೋಮವಾರ, ಬೆಳಿಗ್ಗೆ

ಅರಳಿದೆ! ದಂಡೆ ಪೂರ್ತಿ! ಅವಸರಕ್ಕೆ ಅಕ್ಷರ ಸೊಟ್ಟ. ಇರಲಿ.

ಎದ್ದವಳೇ ಹಿತ್ತಲಿಗೆ ಓಡಿದೆ. ಅತ್ತೆ ನನಗಿಂತ ಮೊದಲೇ ಅಲ್ಲಿದ್ದರು. ಸ್ನಾನ ಮಾಡಿ, ವಿಭೂತಿ ಧರಿಸಿ, ಗಿಡದ ಕೆಳಗೇ ಮಣೆ ಹಾಕಿಕೊಂಡು ಕೂತಿದ್ದರು. ಮುಗಿಯಿತು ಅಂದುಕೊಂಡೆ.

ಎಡ ಅಂಗೈಯಲ್ಲಿ ಲಿಂಗ. ಆ ಕೈಯನ್ನು ಮೆಲ್ಲಗೆ ಮೇಲೆತ್ತಿದರು. ತೂಗುತ್ತಿದ್ದ ಹೂವೊಂದು ಲಿಂಗಕ್ಕೆ ತಾಗಿತು. ಕಣ್ಣು ಮುಚ್ಚಿ ಹಾಗೇ ಕೂತರು. ಆಮೇಲೆ ಕೈ ಇಳಿಸಿದರು.

ನಾನು ಹಿಂದೆ ನಿಂತದ್ದು ಗೊತ್ತಿತ್ತೋ ಏನೋ. "ಮುಟ್ಟಿದ್ರೆ ಸಂದಂಗೇ ಕಣವ್ವ. ಕಿತ್ತೇ ಕೊಡು ಅಂತ ಸ್ವಾಮಿ ಏನ್ ಕೇಳಿದ್ನಾ?"

ಅಳು ಬಂದುಬಿಟ್ಟಿತು. ಸಂತೋಷಕ್ಕೇ. ಅವರ ಕಾಲು ಮುಟ್ಟಿದೆ. "ಏಳೇಳು, ಮೊಕ ತೊಳ್ಕೊ" ಅಂದರು.

ಗೇಟಿನ ಸದ್ದು. ಕಿಟಕಿಯಿಂದ ಕಾಣುತ್ತಿದೆ, ಎಣ್ಣೆ ಹಚ್ಚಿ ತಿರುವಿದ ಮೀಸೆ! ಅತ್ತೆ ಜಗಲಿಯಿಂದ ಕೂಗುತ್ತಿದ್ದಾರೆ — "ನಾಗೂ, ಮೇಷ್ಟ್ರು ಬಂದವ್ರೆ! ಬ್ಲೇಡು ಎಲ್ಲಿಟ್ಟಿದ್ದೀಯವ್ವಾ..."

ಬಂದೆ ಅತ್ತೆ, ಬಂ —